ನಿರಂಕುಶ

ಒಂಬತ್ತನೇ ತರಗತಿ, ಊಟವಾದ ಮೇಲಿನ ಪಿರಿಯಡ್ಡು.
ನಂಜರಾಯಪಟ್ಟಣವೆಂಬ ಈ ಊರಲ್ಲಿ
ಪಟ್ಟಣ ಹೆಸರಲ್ಲಷ್ಟೇ ಉಳಿದಿದೆ, ರಾಯನೂ ಹಾಗೆಯೇ.
ಕಾಫಿ ಹೂವಿನ ಗಾಳಿಗೆ ಹಿಂದಿನ ಬೆಂಚು ತೂಕಡಿಸುತ್ತಿತ್ತು.
ಹಲಗೆಯ ಮೇಲೆ ದೊಡ್ಡದಾಗಿ ಬರೆದೆ:
ನಿರಂಕುಶ ಪ್ರಭುತ್ವ.
ಕೆಳಗೆ: ಯುರೋಪ್, ಹದಿನಾರು, ಹದಿನೇಳನೇ ಶತಮಾನ.
ಸೀಮೆಸುಣ್ಣ ‘ತ್ವ’ದ ಹತ್ತಿರ ಮುರಿಯಿತು.

ಪಾಠ ಹೀಗಿದೆ:
ಮೊದಲು ಗುಡ್ಡಕ್ಕೊಬ್ಬ ಒಡೆಯನಿದ್ದ.
ಅವನದೇ ಕೋಟೆ, ಅವನದೇ ಸುಂಕದ ಕಟ್ಟೆ,
ಅವನು ಹೇಳಿದ್ದು ನ್ಯಾಯ, ಅವನು ಅಳೆದದ್ದು ಕೊಳಗ.
ಆಮೇಲೆ ತೋಪು ಬಂತು. ಮದ್ದಿಗೆ ದುಡ್ಡು ಬೇಕಾಯಿತು.
ದುಡ್ಡಿಗೆ ತೆರಿಗೆ, ತೆರಿಗೆಗೆ ಗುಮಾಸ್ತ,
ಗುಮಾಸ್ತನ ಬೆನ್ನಿಗೆ ಸಂಬಳದ ಸೈನ್ಯ.
ಗುಡ್ಡದ ಗೋಡೆಗಳು ಇಳಿದವು
ಸೊಂಟದ ಮಟ್ಟಕ್ಕೆ, ಮೊಣಕಾಲ ಮಟ್ಟಕ್ಕೆ,
ಕೊನೆಗೆ ಆಡು ದಾಟುವ ಮಟ್ಟಕ್ಕೆ.
ದೇವರಿಗೆ ಮಾತ್ರ ಲೆಕ್ಕ ಒಪ್ಪಿಸುತ್ತೇನೆ ಎಂದ ದೊರೆ.
ದೇವರು ಲೆಕ್ಕ ಕೇಳಿದ ದಾಖಲೆಯಿಲ್ಲ.

“ಅಂಕುಶ ಅಂದರೆ ಏನು, ಯಾರಿಗೆ ಗೊತ್ತು?”
ಎದ್ದವಳು ಜೆ.ಕೆ. ಮುದ್ದಿ.
ಜೇನುಕುರುಬರ ಕುಲವೇ ಇನಿಷಿಯಲ್ಲಾದ ಹುಡುಗಿ,
ಹೊಳೆಯಾಚೆ ದುಬಾರೆಯಿಂದ ದೋಣಿಯಲ್ಲಿ ಬರುವವಳು,
ಹಾಜರಿಗೂ ಪಿಸುಗುಟ್ಟುವವಳು.
“ನಮ್ಮ ಮನೇಲಿದೆ ಮೇಡಂ. ಸೂರಿಗೆ ಸಿಕ್ಕಿಸಿದೆ.
ಅಪ್ಪ ತಗೊಂಡು ಹೋಗೋದೇ ಇಲ್ಲ.
ಕಿವಿಯ ಹಿಂದೆ ಹೆಬ್ಬೆರಳು ಒತ್ತಿದರೆ ಸಾಕು.”

ತರಗತಿ ನಕ್ಕಿತು. ನಾನು ಗೈಡಿನ ಹಾಗೆ ಹೇಳಿದೆ:
“ಅಂಕುಶವಿಲ್ಲದ ಆನೆಯಂತೆ
ಯಾರ ಹಿಡಿತಕ್ಕೂ ಸಿಗದ ದೊರೆ. ಬರ್ಕೊಳ್ಳಿ.”
ಅವಳು ಬರೆದುಕೊಳ್ಳಲಿಲ್ಲ. ನಿಂತೇ ಇದ್ದಳು.
“ಆನೆ ದೊರೆ ಅಲ್ಲ ಮೇಡಂ.
ಆನೆ ಆ ಗುಡ್ಡದೋರು.”

ಬೆಂಚಿನ ಅಂಚು ಕೆರೆಯುತ್ತಾ ಹೇಳಿದಳು
ತೋಟಕ್ಕಿಳಿದ ಸಲಗನನ್ನು ಹಿಡಿಯುವ ಬಗೆ:
ಒಂದಾನೆ ಹಿಡಿಯಲು ನಾಲ್ಕಾನೆ ಬೇಕು,
ಅವೂ ಒಂದು ಕಾಲಕ್ಕೆ ಹಿಡಿಸಿಕೊಂಡವೇ.
ದಿಮ್ಮಿಯ ಕ್ರಾಲಿಗೆ ನೂಕಬೇಕು.
ಮೊದಲ ವಾರ ದಿಮ್ಮಿಗೆ ಹಣೆ ಚಚ್ಚುತ್ತದೆ. ಚಚ್ಚಲಿ.
ಕಬ್ಬು ತೋರಿಸಬೇಕು. ಬೆಲ್ಲವಿಟ್ಟ ರಾಗಿಮುದ್ದೆ
ಒಂದೇ ಕೈಯಿಂದ, ಒಂದೇ ಹೊತ್ತಿಗೆ,
ಇಟ್ಟ ಹೆಸರು ಹಿಡಿದು ಕರೆಯುತ್ತಾ.
“ಒಂದು ದಿನ ಬಾಗಿಲು ತೆಗೆದರೂ ಹೊರಗೆ ಬರಲ್ಲ.
ಮುದ್ದೆ ತಡವಾಯ್ತು ಅಂತ ನಮ್ಮನ್ನೇ ನೋಡ್ತದೆ.”

ನನ್ನ ಕೈಯ ಪುಸ್ತಕದಲ್ಲೊಂದು ಚಿತ್ರವಿದೆ.
ಕನ್ನಡಿಗಳ ಅರಮನೆ, ಹಾಸಿಗೆಯಿಂದೇಳುವ ದೊರೆ,
ಸುತ್ತ ಗುಡ್ಡದ ಒಡೆಯರ ಮೊಮ್ಮಕ್ಕಳು.
ಅಂಗಿ ಹಿಡಿಯಲೊಬ್ಬ, ಮೇಣದಬತ್ತಿ ಹಿಡಿಯಲೊಬ್ಬ,
ನಾಳೆ ಬತ್ತಿ ನಿನಗೋ ನನಗೋ ಎಂದು
ನಿದ್ದೆಗೆಟ್ಟ ಮುಖಗಳು.
ಇಪ್ಪತ್ತೆರಡು ವರ್ಷ ತೋರಿಸಿದ್ದೇನೆ ಇದನ್ನು.
ದಿಮ್ಮಿ ಕಂಡಿರಲಿಲ್ಲ.

ಅಷ್ಟು ದೂರವೇಕೆ. ನಮ್ಮ ಒಕ್ಕದಲ್ಲೇ ಒಬ್ಬ ನಾಯಕನಿದ್ದನಂತೆ,
ಅವನ ಕೊಂಬಿನ ದನಿ ಕೇಳುವಲ್ಲಿಗೆ ಅವನ ನಾಡು.
ಮೊಮ್ಮಗನಿಗೆ ಅರಮನೆಯಿಂದ ಬಂದದ್ದು
ಒಂದು ಶಾಲು, ಬೆಳ್ಳಿ ಹಿಡಿಯ ಪೀಚೆಕತ್ತಿ,
ಮತ್ತು ವರ್ಷಕ್ಕೊಮ್ಮೆ ಮಡಿಕೇರಿ ಕೋಟೆಯ ಬಾಗಿಲಲ್ಲಿ
ಚಪ್ಪಲಿ ಕಳಚಿ ನಿಲ್ಲುವ ಹಕ್ಕು.
ಹಕ್ಕು ಎಂದೇ ಅನ್ನುತ್ತಿದ್ದಳು ಅಜ್ಜಿ, ಕತ್ತು ಸೆಟೆಸಿ.
ಅಜ್ಜನ ಕತ್ತಿ ಕೊಯ್ಯುತ್ತಿತ್ತು, ಮೊಮ್ಮಗನದು ಹೊಳೆಯುತ್ತಿತ್ತು.
ಈಗಲೂ ಮದುವೆಗಳಲ್ಲಿ ನನ್ನಣ್ಣ
ಅದನ್ನು ಚೇಲೆಗೆ ಸಿಕ್ಕಿಸಿ
ಫೋಟೋಗೆ ಓರೆಯಾಗಿ ನಿಲ್ಲುತ್ತಾನೆ.

ಯಾರೂ ಚುಚ್ಚಲಾರದವನು ಎನ್ನುತ್ತದೆ ನಿಘಂಟು.
ಯಾರನ್ನೂ ಚುಚ್ಚಬೇಕಾಗಿಯೇ ಇಲ್ಲದವನು ಎನ್ನುತ್ತದೆ
ಸೂರಿಗೆ ಸಿಕ್ಕಿಸಿದ ಕಬ್ಬಿಣ.

ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಮುದ್ದಿಯದು ಒಂದೇ ಸಾಲು:
ಕಬ್ಬು ಯಾರ ಕೈಲಿದೆಯೋ ಅವನ ಆಳ್ವಿಕೆ.
ಮಾದರಿ ಉತ್ತರದಲ್ಲಿ ಹಾಗಿರಲಿಲ್ಲ.
ಒಂದೂವರೆ ಕೊಟ್ಟೆ.
ಉಳಿದರ್ಧ ಯಾಕೆ ಹಿಡಿದುಕೊಂಡೆನೋ,
ಕೆಂಪು ಪೆನ್ನಿನ ಮೊನೆಯನ್ನು ಎಷ್ಟೋ ಹೊತ್ತು ನೋಡಿದೆ.

ಪೇಪರು ಹಿಂದಿರುಗಿಸುವಾಗ ಕೇಳಿದೆ,
“ಮದ ಬಂದಾಗ ಏನು ಮಾಡ್ತಾರೆ ಮುದ್ದಿ?”
“ಆವಾಗ ಕಬ್ಬೂ ಬೇಡ, ಹೆಸರೂ ಕೇಳಲ್ಲ.
ಅಪ್ಪ ಮರ ಹತ್ತುತ್ತಾನೆ ಮೇಡಂ” ಎಂದವಳು
ದೋಣಿಗೆ ಹೊತ್ತಾಯಿತೆಂದು ಓಡಿದಳು.