ಸ್ಟೇಜ್ ಇಲ್ಲದ ಜಾಗ

ಪಾರವಾಡ ಕ್ರಾಸ್ ದಾಟಿ ಎರಡನೇ ತಿರುವು.
ಅಲ್ಲಿ ಯಾರೂ ಇಳೀತಿದ್ದಿಲ್ಲ.
ಸ್ಟೇಜ್ ಇಲ್ಲದ ಜಾಗ ಅದು,
ಟಿಕೆಟ್ ಹರಿಯಾಕ ದರಾನ ಇದ್ದಿಲ್ಲ.
ದಸ್ತಗೀರ ನದಾಫ ಗೇರ್ ಬದಲಿ ಮಾಡೂವಾಗ
ಬಸ್ಸು ಒಂದು ಉಸಿರು ತಡದು ನಿಲ್ಲತಿತ್ತು,
ಅಷ್ಟರಾಗ ನಾ ಕಿಟಕಿಯಿಂದ ನೋಡತಿದ್ದೆ:
ಗುಡ್ಡದ ಬೆನ್ನ ಮ್ಯಾಲ ಬೆಳ್ಳನ ಚುಕ್ಕಿ.

ಬ್ಯಾಸಗಿಯ ಮೊದಲ ಅಡ್ಡಮಳಿ ಬಿದ್ದು
ನಾಕೈದು ದಿನಕ್ಕ ಬರತಿದ್ದವು,
ಮುಂದಿನ ವಾರದ ಡ್ಯೂಟಿಗೆ ಹೋದ್ರ ಇರತಿದ್ದಿಲ್ಲ.
"ನದಾಫಣ್ಣ, ಹೂವು ನೋಡ್ರಿ" ಅಂದ್ರ
ರೋಡಿನ ಮ್ಯಾಲಿನ ಕಣ್ಣು ತೆಗೀದನ ಅಂತಿದ್ದ:
"ಗೋವಾಕ್ಕ ಹೋಗಾವರು ಒಗದ ಪ್ಲಾಸ್ಟಿಕ್, ಬಾಯಾರ."
ಹದಿನಾಲ್ಕು ಬ್ಯಾಸಗಿ ಇದೊಂದ ಜಗಳ.
ಡಿಪೋದಾಗ ಹಾರ ಹಾಕಿ ಕಳಿಸಿದ ದಿನಾನೂ
ತೀರಿದ್ದಿಲ್ಲ.

ಅದಕ್ಕ ಈಗ ಕಾಲನಡಿಗಿ.
ಅವನ ಹೆಗಲಿಗೆ ಮೊಮ್ಮಗನ ಎನ್‌ಸಿಸಿ ಚೀಲ,
ನನ್ನ ಬೆನ್ನಿಗೆ ನಾನ ಹೊಲಿದದ್ದು,
ಎರಡು ಖಾಕಿ ಯೂನಿಫಾರ್ಮ್ ಕತ್ತರಿಸಿ.
ಸೀಟಿ ಇಡೂ ಕಿಸೆ ಹಂಗ ಉಳಿಸೇನಿ.
ಒಳಗ ಕಟಕ ರೊಟ್ಟಿ, ಗುರೆಳ್ಳ ಹಿಂಡಿ, ನೀರು,
ಒಂದು ಹಳೇ ಚಾದರ,
ಪಾವ ಕಿಲೋ ಕುಂದಾ. ಅದು ಅವನ ಹಟ.

ಮುಂದ ಧೋಂಡು ಝೋರೆ, ಗೌಳಿ ಹುಡುಗ,
ಅರ್ಧ ಮರಾಠಿ ಅರ್ಧ ಕನ್ನಡ.
ಹಾದಿ ಅಂದ್ರ ಎಮ್ಮಿ ತುಳದದ್ದ ಹಾದಿ,
ಕರೀ ಜಂಬಿಟ್ಟಿಗಿ, ಕಾಲಿಟ್ಟಲ್ಲಿ ಹರಳು ಜಾರತಾವು.
ಅಂಜನಿ ಹೂವು ಮುಗದು ಹೋಗ್ಯಾವು,
ಕಲ್ಲಿನ ಸಂದ್ಯಾಗ ಮಾತ್ರ ಇನ್ನೂ ಒಂದಿಷ್ಟು,
ಬಿಳೇ ಅಂಗಿಗೆ ಹಾಕೂ ನೀಲಿ ಚೆಲ್ಲಿಧಂಗ.
ಕವಳಿಹಣ್ಣು ತಿಂದು ತುಟಿ ಅಂಟ್ಯಾವು,
ಮಾತು ಕಡಿಮಿ ಆಗೇತಿ.

ಹೂವಿನ ಹೆಸರು ಕೇಳಿದ್ರ ಧೋಂಡು ಅಂತಾನ:
"ಇದನ್ನ ಎಮ್ಮಿ ಮುಟ್ಟೂದಿಲ್ಲ."
ಇನ್ನೊಂದಕ್ಕ: "ತಿಂದ್ರ ಹಾಲು ಕಹಿ."
ನೆಲಕ್ಕ ಹತ್ತಿದ ಹಳದಿ ಚುಕ್ಕಿಗೆ:
"ಇದು ಬಂತು ಅಂದ್ರ ಗುಡಸಲಕ್ಕ ಹುಲ್ಲು ಹೊದಿಸಬೇಕು."
ಹೆಸರು ಒಂದಕ್ಕೂ ಹೇಳಲಿಲ್ಲ.
ನನಗ ಮತ್ತ ಕೇಳಬೇಕು ಅನಸಲಿಲ್ಲ.

ಕಡೀ ಏರಿನಾಗ ಮೊಣಕಾಲು ಕೂಗ್ಯಾಡಿದವು.
ನದಾಫ ಎರಡು ಸಲ ಕುಂತ,
"ಸೆಕೆಂಡ್ ಗೇರೂ ಎಳೀವಲ್ದು" ಅಂದ,
ಮೂರನೇ ಸಲ ಕುಂದಾ ತಿಂದು ಎದ್ದ.

ಆಮ್ಯಾಲ ಏರು ತೀರಿಹೋತು.

ಗಿಡ ಇಲ್ಲ, ಎಲಿ ಇಲ್ಲ,
ನೆಲಾನ ಸೀದಾ ಹೂವಾಗಿ ಎದ್ದಿತ್ತು.
ಗೇಣುದ್ದದ ಬೆಳ್ಳನ ಹೂವು, ಕಣ್ಣಳತಿ ಮುಗಿಯೂ ತನಕ,
ನಡುನಡುವ ನಸುಗೆಂಪು, ಮಣ್ಣಿಗೆ ಬಾಯಿ ಹಚ್ಚಿದಂಥಾವು,
ಗಾಳಿ ಬಂದ್ರ ಎಲ್ಲಾ ಒಂದ ಕಡೆ ವಾಲತಿದ್ದವು,
ತಿರುವಿನಾಗ ನಿಂತ ಪ್ಯಾಸೆಂಜರ್‌ಗತೆ.

ನಾ ಏನೂ ಅನಲಿಲ್ಲ.
ಹದಿನಾಲ್ಕು ವರ್ಷ ಗೆದ್ದಾಕಿ ಏನು ಅನ್ನೂದು.
ನದಾಫ ಸುಮ್ಮನ ಒಳಗ ಹೋದ,
ಹೂವು ತಪ್ಪಿಸಿ ತಪ್ಪಿಸಿ ಕಾಲಿಡತಾ,
ಬಗ್ಗಿ ಏನೋ ಆರಿಸಿದ, ಎತ್ತಿ ಹಿಡದ:
ಚಿಪ್ಸಿನ ಚೀಟು, ಬಿಸಲಿಗೆ ಬೆಳ್ಳಗಾಗಿದ್ದು.
"ಪ್ಲಾಸ್ಟಿಕ್ ಅಂದಿದ್ನಿಲ್ಲೋ?"
ಮಡಚಿ ಎನ್‌ಸಿಸಿ ಚೀಲಕ್ಕ ಹಾಕ್ಕೊಂಡ.

ನಗು ನಿಂತ ಮ್ಯಾಲ
ಬ್ಯಾರೇ ದನಿಯಾಗ ಹೇಳಿದ:
"ಗಾಡಿ ತುಂಬ ಐವತ್ತೈದು ಮಂದಿ, ಬಾಯಾರ.
ಅವತ್ತ ನಾ ಹೂವು ನೋಡಿದ್ರ
ಇವತ್ತ ನೀವು ನೋಡತಿದ್ದಿಲ್ಲ."

ರೊಟ್ಟಿ ಮುರದೆ. ಮೂವರೂ ತಿಂದಿವಿ.
ಕಣಕುಂಬಿ ಕಡೆ ಮೋಡ ಕಪ್ಪಗಾತು.

ಕೆಳಗ, ಭಾಳ ಕೆಳಗ,
ಕೆಂಪು ಬಸ್ಸು ಒಂದು ಹಾರ್ನ್ ಹೊಡಕೋತ
ಆ ಎರಡನೇ ತಿರುವಿಗೆ ಬಂತು,
ಜರಾ ಜೋರ ಇತ್ತು.
ನದಾಫನ ಬಲಗಾಲು
ತಂತಾನ ನೆಲ ಒತ್ತಿತು.
ಬಸ್ಸು ತಿರುಗಿ ಮರಿ ಆಗೂ ತನಕ ಒತ್ತೇ ಇದ್ದ.
ಆಮ್ಯಾಲ ಮೆಲ್ಲಕ ಕಾಲೆತ್ತಿ ಕೆಳಗ ನೋಡಿದ.
ಹೂವು ಇದ್ದಿಲ್ಲ. ಬರೇ ಕಲ್ಲು.

"ನಡೀರಿ, ಪಾವೂಸ ಬಂತು" ಅಂದ ಧೋಂಡು.