ಕೈಗವಸು

ಗ್ಯುಮ್ರಿಯ ನಮ್ಮ ಬೀದಿಯಲ್ಲಿ ಕಲ್ಲು ಹೇರಿದ ಲಾರಿ ಹೋದರೆ ಸಾಕು,
ಬೀರುವಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಡುತ್ತವೆ.
ಅಷ್ಟರಲ್ಲಿ ಅಮ್ಮ ಬಾಗಿಲ ಚೌಕಟ್ಟಿನಡಿ ನಿಂತಾಗಿರುತ್ತದೆ,
ಕೈಯಲ್ಲಿ ಸೌಟು, ನೆಲದುದ್ದಕ್ಕೂ ಸೂಪಿನ ಹನಿ.
ಒಲೆಯಿಂದ ಬಾಗಿಲಿಗೆ ಆರು ಹೆಜ್ಜೆ.
ಅವಳು ಅದನ್ನು ನಡೆದದ್ದು ನಾನು ಕಂಡೇ ಇಲ್ಲ.

ನಾನು ಹುಟ್ಟಿದ್ದು ಭೂಕಂಪವಾಗಿ ಒಂಬತ್ತು ವರ್ಷಕ್ಕೆ,
ತಗಡಿನ ಡಬ್ಬಿಮನೆಯಲ್ಲಿ.
ಆದರೂ ನೆಲ ಹೇಗೆ ನಡುಗುತ್ತದೆಂದು ಬಲ್ಲೆ:
ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು.

ಬೂಟು ಬಿಚ್ಚದೆ ಮಲಗುತ್ತಾಳೆ. ಲಿಫ್ಟು ಹತ್ತುವುದಿಲ್ಲ.
ಮದುವೆಮನೆಯಲ್ಲಿ ಎಲ್ಲರೂ ಕುಣಿಯುವಾಗ
ಅವಳ ಮುಖ ಕರೆಂಟು ಹೋದ ಕಿಟಕಿ.
ಡಿಸೆಂಬರ್ ಬಂತೆಂದರೆ ಗೋಡೆಗೆ ಕಿವಿ ಹಚ್ಚಿ
"ಯಾರೋ ಬಡೀತಿದಾರೆ" ಅನ್ನುತ್ತಾಳೆ.
ಪಕ್ಕದ ಮನೆಯ ಸೆದ್ರಾಕ್ ಮೊಳೆ ಹೊಡೆಯುತ್ತಿರುತ್ತಾನೆ.
ಮೊಳೆ ಎಂದು ಅವಳಿಗೂ ಗೊತ್ತು.
ಗೊತ್ತಿರುವುದು ತಲೆಗೆ. ಕಾಲಿಗೆ ಇನ್ನೂ ಯಾರೂ ಹೇಳಿಲ್ಲ.

ಡಾಕ್ಟರ್ ನುನೆ ಇದಕ್ಕೊಂದು ಹೆಸರು ಬರೆದುಕೊಟ್ಟರು:
ಆಘಾತೋತ್ತರ ಒತ್ತಡ.
ಹಾಳೆ ತಿರುವಿ ಮುರುವಿ ನೋಡಿ ಅಮ್ಮ ಕೇಳಿದಳು,
"ಉತ್ತರ ಅಂದರೆ ಆಮೇಲೆ ಅಂತ ತಾನೆ?
ಆಮೇಲೆ ಯಾವಾಗ ಬರುತ್ತೆ?"
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಅವರೂ ಇದೇ ಊರಿನವರು.

ಒಂದು ಸಂಗತಿ ಮಾತ್ರ ಯಾವ ಹಾಳೆಯಲ್ಲೂ ಇರಲಿಲ್ಲ.
ಉಳಿದ ತಾಯಂದಿರು ಮಕ್ಕಳ ಹಿಂದೆ ಮೆಟ್ಟಿಲವರೆಗೆ ಓಡಿಬರುತ್ತಿದ್ದರು,
ಟೋಪಿ, ಮಫ್ಲರು, ಕೈಗವಸು ಎನ್ನುತ್ತ.
ಇವಳು ಒಂದು ಚಳಿಗಾಲದಲ್ಲೂ ಕೇಳಲಿಲ್ಲ.
ನನ್ನ ಬೆರಳ ಗೆಣ್ಣು ಒಡೆದು ರಕ್ತ ಒಸರುತ್ತಿತ್ತು.
ಇವಳಿಗೆ ನನ್ನ ಮೇಲೆ ಅಕ್ಕರೆಯಿಲ್ಲ
ಎಂದುಕೊಂಡೇ ದೊಡ್ಡವಳಾದೆ.

ಹೋದ ತಿಂಗಳು, ಡಾಕ್ಟರ ಎದುರು,
ಗೋಡೆಯ ಕ್ಯಾಲೆಂಡರಿಗೆ ಹೇಳುವಂತೆ ಹೇಳಿದಳು:
"ಮಧ್ಯಾಹ್ನದ ಪಾಳಿಯ ಶಾಲೆ. ತಮ್ಮ ಹ್ರಾಯರ್
ಅಂಗಳಕ್ಕೆ ಇಳಿದಾಗಿತ್ತು. ಬರಿಗೈ.
ಹೋಗು, ಕೈಗವಸು ಹಾಕಿಕೊಂಡು ಬಾ ಅಂದೆ.
ಐದನೇ ಮಹಡಿ.
ಎಂದೂ ಮಾತು ಕೇಳದ ಹುಡುಗ
ಆವತ್ತು ಕೇಳಿದ."

ಇವತ್ತು ಬೆಳಿಗ್ಗೆ ನಾನು ಕೋಟು ತೊಡುತ್ತಿದ್ದಾಗ
ಅಮ್ಮ ಚೌಕಟ್ಟಿಗೆ ಒರಗಿ ನಿಂತಿದ್ದಳು.
ಲಾರಿಯೇನೂ ಬಂದಿರಲಿಲ್ಲ.
ನನ್ನ ಕೈಗಳನ್ನೇ ನೋಡಿದಳು ತುಸು ಹೊತ್ತು.
"ಹೊರಗೆ ಚಳಿ ಇದೆಯಾ?"
ಇದೆ, ಎಂದೆ.
ಅವಳ ತುಟಿ ಅಲುಗಿತು, ನಿಂತಿತು.
ಮುಂದಿನ ಮಾತಿಗೆ ಕಾದೆ.
ಬಸ್ಸು ತಪ್ಪಿತು.