ಷರಾ

ಮರದ ಜಾತಿ: ನೇರಳೆ.
ಎದೆಮಟ್ಟದ ಸುತ್ತಳತೆ: ಒಂದು ಮೀಟರು ನಲವತ್ತು.
ಕಡಿಯಲು ಕಾರಣ? ನಮೂನೆಯಲ್ಲಿ ನಾಲ್ಕೇ ಚೌಕ:
ಒಣಗಿದೆ. ವಾಲಿದೆ. ತಂತಿಗೆ ತಾಗಿದೆ. ಪಾಯ ಬಿರಿದಿದೆ.
ಅರ್ಜಿದಾರರು ಯಾವುದಕ್ಕೂ ಗುರುತು ಹಾಕದೆ
ಅಂಚಿನಲ್ಲಿ ಬರೆದಿದ್ದರು, ಇರುವೆ ಸಾಲಿನಂಥ ಅಕ್ಷರದಲ್ಲಿ:
ಬೆಟ್ಟ ಕಾಣುವುದಿಲ್ಲ.

ಹಾಗಾಗಿ ಸ್ಥಳ ಪರಿಶೀಲನೆಗೆ ನಾನು, ಟೇಪು, ಸುಣ್ಣದ ಡಬ್ಬಿ.
ವಿದ್ಯಾರಣ್ಯಪುರ, ಜೂನ್ ಕೊನೆಯ ಶನಿವಾರ.

ವಿಮಲಾಂಬ ತಾರಸಿಗೆ ಕರೆದೊಯ್ದರು,
ಮೂವತ್ತೆಂಟು ಮೆಟ್ಟಿಲು, ಮಂಡಿ ಹಿಡಿದು, ಮಾತು ನಿಲ್ಲಿಸದೆ:
"ವಾಚ್ ಫ್ಯಾಕ್ಟರೀಲಿ ಇಪ್ಪತ್ತೊಂಬತ್ತು ವರ್ಷ
ಒಂದು ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು
ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿದೋಳು ನಾನು.
ಕಣ್ಣಿನ ಡಾಕ್ಟ್ರು ಅಂದ್ರು,
ಸಂಜೆ ಹೊತ್ತು ದೂರದ್ದೇನಾದ್ರೂ ನೋಡೀಮ್ಮ.
ದೂರದ್ದು ಅಂತ ನಂಗೆ ಇದ್ದದ್ದು ಅದೊಂದೇ."
ಬೆರಳು ತೋರಿದರು ಉತ್ತರಕ್ಕೆ.
ಬೆರಳ ತುದಿಯಲ್ಲಿ ಎಲೆ. ಎಲೆಯ ಹಿಂದೆ ಎಲೆ.
"ನಂದಿ. ಮಳೆ ಬಿದ್ದ ಮಾರನೇ ದಿನ
ಕೈಗೆ ಸಿಗೋ ಹಾಗೆ ಕೂತಿರೋದು."

ಕಾಂಪೌಂಡಿನಾಚೆ ಪುಟ್ಟಹೊನ್ನಯ್ಯ,
ಬಸ್ಸು ಓಡಿಸಿ ನಿವೃತ್ತ, ಬನಿಯನ್ನಿನ ತುಂಬ ನೇರಳೆ ಕಲೆ,
ಕೆಳಗಿನಿಂದಲೇ ಕೂಗಿದ:
"ಬರ್ಕೊಳ್ಳಿ ಸ್ವಾಮಿ. ಮರ ನಂದು, ನೆರಳು ಅವರದೂ,
ಹಣ್ಣು ಬಾವಲೀದು. ಒಂದು ರೆಂಬೇನೂ ಕೊಡಲ್ಲ."
"ಬೆಟ್ಟ ಯಾರದಯ್ಯಾ?"
"ಯಾಕೆ, ನಿಮ್ಮ ಹೆಸರಿಗೆ ಖಾತೆ ಆಗಿದ್ಯಾ?"

ನೀರಿನ ಟ್ಯಾಂಕಿಗೆ ಬಿದ್ದ ಹಣ್ಣು, ಒಣಹಾಕಿದ ಬಿಳಿ ಸೀರೆ,
ಗುಡಿಸಿ ಗೋಡೆಯಾಚೆ ಸುರಿದ ಎಲೆ, ಮತ್ತೆ ಈಚೆ ಬಂದ ಅದೇ ಎಲೆ,
ನಾಲ್ಕು ಸಂಕ್ರಾಂತಿಯಿಂದ ದಾಟದ ಎಳ್ಳು ಬೆಲ್ಲ.
ಇವಕ್ಕೆ ನನ್ನಲ್ಲಿ ಚೌಕವಿಲ್ಲ.

ಎತ್ತರ ತಿಳಿಯಲು ಹತ್ತಬೇಕಾಗಿಲ್ಲ.
ಕೋಲು ನೆಟ್ಟು ನೆರಳು ಅಳೆದರೆ ಸಾಕು, ಲೆಕ್ಕ ಬರುತ್ತದೆ.
ಆದರೂ ಹತ್ತಿದೆ. ಬೆಟ್ಟ ನೋಡುವ ಆಸೆ, ಅಷ್ಟೆ.
ನೇರಳೆ ಕೊಂಬೆಯನ್ನು ನಂಬಬಾರದು,
ಮುನಿಸಿಕೊಂಡವರ ಹಾಗೆ, ಸದ್ದಿಲ್ಲದೆ ಹೊತ್ತು ಪಟ್ಟನೆ ಮುರಿಯುತ್ತದೆ.
ಕಾಂಡಕ್ಕೆ ಎದೆ ಒತ್ತಿ ಒಂದೊಂದೇ ಕವಲು.
ನೆತ್ತಿಯಲ್ಲಿ ಎಲೆ ಸರಿಸಿದೆ.

ಇಪ್ಪತ್ತಾರು ಅಂತಸ್ತು. ಎರಡು ಸಲ ಎಣಿಸಿದೆ.
ಹಸಿರು ಪರದೆ ಹೊದ್ದ ಹಸಿ ಸಿಮೆಂಟು.
ಅದರ ತಲೆ ಮೇಲೆ ಕ್ರೇನು,
ಗಂಟೆಮುಳ್ಳಿನಷ್ಟು ನಿಧಾನ.
ಬೆಟ್ಟ ಅದರ ಬೆನ್ನಿಗೆ ಇದ್ದೀತು.
ಇದ್ದೇ ಇರುತ್ತದೆ, ಬೆಟ್ಟ ಎಲ್ಲಿಗೆ ಹೋಗುತ್ತೆ.

"ಕಾಣ್ತೇನಪ್ಪಾ?" ತಾರಸಿಯಿಂದ.
ಕೆಳಗೆ ನೋಡಿದೆ. ಪುಟ್ಟಹೊನ್ನಯ್ಯ
ಕತ್ತೆತ್ತಿ ನಿಂತಿದ್ದ, ಕಪ್ಪಾದ ಬೆರಳು ತುಟಿಯ ಮೇಲೆ.
ರಸ ನೆಕ್ಕುತ್ತಿದ್ದನೋ, ಸುಮ್ಮನಿರು ಎಂದನೋ.
ವರ್ಷ ವರ್ಷ ಹಣ್ಣಿಗೆ ಇದೇ ಕವಲು ಹತ್ತುವವನು ಅವನು.

"ಮೋಡ ಇದೆಯಮ್ಮಾ," ಅಂದೆ.
"ಹೂಂ, ಈ ತಿಂಗಳು ಹಾಗೇನೆ," ಎಂದರು,
ತಪ್ಪು ತಮ್ಮದೇ ಎಂಬಂತೆ. ಇಳಿದ ಮೇಲೆ ಕಾಫಿ ಕೊಟ್ಟರು.
ಅವನು ಪೇಪರಿನಲ್ಲಿ ಒಂದು ಸೇರು ಹಣ್ಣು ಕಟ್ಟಿಕೊಟ್ಟ.
ಎರಡನ್ನೂ ತೆಗೆದುಕೊಳ್ಳಬಾರದು, ನಿಯಮ.

ಬಸ್ಸಿನಲ್ಲಿ ನಮೂನೆ ಬಿಚ್ಚಿದಾಗ ಕಂಡದ್ದು:
ಷರಾ ಎಂಬ ಖಾಲಿ ಜಾಗದಲ್ಲಿ
ನನ್ನದೇ ಹೆಬ್ಬೆರಳಿನ ಕಲೆ,
ನಡುವೆ ದಟ್ಟ, ಅಂಚಿಗೆ ನೀಲಿ,
ಎಡಕ್ಕೆ ತುಸು ಇಳಿಜಾರು.
ಒರೆಸಿದಷ್ಟೂ ಅಗಲವಾಯಿತು.

"ಏನ್ರೀ ಇದು?" ಎಂದರು ಸಾಹೇಬರು ಸೋಮವಾರ.
ಮೋಡವಿತ್ತು ಸಾರ್, ಅಂದೆ.
"ಹಾಗಾದರೆ ಹೊಸ ಫಾರಂ ತಗೊಂಡು ಮತ್ತೊಮ್ಮೆ ಹೋಗಿ.
ಮಳೆ ಬಿದ್ದ ಮಾರನೇ ದಿನ ಹೋಗಿ, ಚೆನ್ನಾಗಿ ಕಾಣುತ್ತೆ."

ನಿನ್ನೆ ರಾತ್ರಿಯಿಂದ ಸುರಿಯುತ್ತಿದೆ.